ಸುರುಳಿ ಹಾಯಿ: ಸಣ್ಣ ಹಾಯಿದೋಣಿಯ ಮುಂದಿನ ಹಾಯಿಯನ್ನು ಸುತ್ತುವ, ಕುಗ್ಗಿಸುವ ವ್ಯವಸ್ಥೆ

ಹಾಯಿದೋಣಿಯ ಮುಂಭಾಗದ ತ್ರಿಕೋನ ಹಾಯಿಯನ್ನು ಅದರ ಮುಂದಂಚಿನ ಸುತ್ತಲೂ ಚಾಪೆ ಸುತ್ತಿದಂತೆ ಸುತ್ತಿ ಮುಚ್ಚುವ, ಬೇಕಾದಾಗ ಬೇಕಾದಷ್ಟೇ ಬಿಚ್ಚುವ ಸಾಧನಕ್ಕೆ ಸುರುಳಿ ಹಾಯಿ ವ್ಯವಸ್ಥೆ ಎನ್ನಬಹುದು. ನಾವಿಕರ ಬಳಕೆಯಲ್ಲಿ ಇದು ರೋಲರ್ ಫರ್ಲರ್, ಅಥವಾ ಬರೀ ಫರ್ಲರ್. ಇದನ್ನು ನಡೆಸಲು ಯಾರೂ ದೋಣಿಯ ಮೂತಿಗೆ ಹೋಗಬೇಕಿಲ್ಲ. ಚುಕ್ಕಾಣಿಯ ಬಳಿ ಇರುವ ಕಾಕ್‌ಪಿಟ್‌ನಲ್ಲಿ ಕುಳಿತು ಒಂದು ಹಗ್ಗವನ್ನು ಎಳೆದರೆ ಸಾಕು. ಸುಮಾರು 4 ಮೀಟರಿನ ಪುಟ್ಟ ದೋಣಿಯಿಂದ ಹಿಡಿದು 12 ಮೀಟರಿನ ಪ್ರವಾಸಿ ದೋಣಿಯವರೆಗೆ ಈ ವ್ಯವಸ್ಥೆ ಇಂದು ಬಹಳ ಸಾಮಾನ್ಯವಾಗಿದೆ.

ಈ ಸಾಧನ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಯಾನ ಮುಗಿದ ಮೇಲೆ ಹಾಯಿಯನ್ನು ಪೂರ್ತಿ ಸುತ್ತಿಡುವುದು ಒಂದು, ಇದು ಫರ್ಲಿಂಗ್. ಗಾಳಿ ಜೋರಾದಾಗ ಹಾಯಿಯ ಒಂದು ಭಾಗವನ್ನಷ್ಟೇ ಸುತ್ತಿ, ಉಳಿದ ಭಾಗದ ಬಲದಿಂದ ದೋಣಿಯನ್ನು ಓಡಿಸುವುದು ಇನ್ನೊಂದು; ಇದು ರೀಫಿಂಗ್, ಅಂದರೆ ಹಾಯಿ ಕುಗ್ಗಿಸುವುದು. ಮೊದಲನೆಯದು ಸುಲಭ. ಎರಡನೆಯದಕ್ಕೆ ಹಾಯಿಯ ಹೊಲಿಗೆ, ತಂತಿಯ ಬಿಗಿತ, ಹಗ್ಗದ ಸವೆತ, ನಾವಿಕನ ಅಂದಾಜು ಎಲ್ಲವೂ ಒಟ್ಟಿಗೆ ಸರಿಯಿರಬೇಕು. ಸುತ್ತಿಡಲು ಮಾತ್ರ ತಯಾರಿಸಿದ ಸಾಧನವನ್ನು ಕುಗ್ಗಿಸಲು ಬಳಸಿದಾಗ ಅನೇಕ ಅವಘಡಗಳು ಆರಂಭವಾಗುತ್ತವೆ. ಆದ್ದರಿಂದ ಈ ವಿಷಯದ ತಿಳಿವಳಿಕೆಗೆ ಎರಡರ ನಡುವಿನ ವ್ಯತ್ಯಾಸವೇ ಅಡಿಪಾಯ.

ಹಾಯಿಯನ್ನು ಏಕೆ ಕುಗ್ಗಿಸಬೇಕು

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. 10 ನಾಟ್ ಅಂದರೆ ಗಂಟೆಗೆ 18.5 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 1.6 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ. 20 ನಾಟ್‌ನಲ್ಲಿ ಅದು 6.6 ಕಿಲೋ, 30 ನಾಟ್‌ನಲ್ಲಿ ಹತ್ತಿರಹತ್ತಿರ 15 ಕಿಲೋ. ಎಂಟು ಮೀಟರಿನ ದೋಣಿಯೊಂದರ ಮುಂದಿನ ಹಾಯಿ 20 ಚದರ ಮೀಟರ್ ಇದೆಯೆನ್ನೋಣ. ಬೆಳಗಿನ ತಣ್ಣನೆಯ ಗಾಳಿಯಲ್ಲಿ ದೋಣಿಯನ್ನು ಹಿತವಾಗಿ ಎಳೆಯುತ್ತಿದ್ದ ಅದೇ ಬಟ್ಟೆ, ಮಧ್ಯಾಹ್ನದ ಹೊತ್ತಿಗೆ ಗಾಳಿ 20 ನಾಟ್ ಮುಟ್ಟಿದಾಗ ನಾಲ್ಕು ಪಟ್ಟು ಬಲದಿಂದ ಅದನ್ನು ಪಕ್ಕಕ್ಕೆ ಒರಗಿಸುತ್ತದೆ. ಹೆಚ್ಚು ಒರಗಿದ ದೋಣಿ ಗಾಳಿಯ ಕಡೆಗೆ ತಾನೇ ತಿರುಗಲು ಹವಣಿಸುತ್ತದೆ, ಚುಕ್ಕಾಣಿ ಭಾರವಾಗುತ್ತದೆ, ವೇಗವೂ ಇಳಿಯುತ್ತದೆ. ಹಾಯಿ ಚಿಕ್ಕದಾದೊಡನೆ ದೋಣಿ ಮತ್ತೆ ನೆಟ್ಟಗಾಗಿ, ಎಷ್ಟೋ ಸಲ ಮೊದಲಿಗಿಂತ ಚುರುಕಾಗಿಯೇ ಸಾಗುತ್ತದೆ.

ಮುಂದಿನ ಹಾಯಿಯ ಗಾತ್ರವನ್ನು ಅದು ನಿಲ್ಲುವ ತ್ರಿಕೋನ ಜಾಗದ ಶೇಕಡಾವಾರಿನಲ್ಲಿ ಹೇಳುವುದು ರೂಢಿ. ಕೂವೆಮರದಿಂದ ಮೂತಿಯವರೆಗಿನ ಅಡಿಯ ಉದ್ದವನ್ನು 100 ಎಂದು ಹಿಡಿದರೆ, ಅದರೊಳಗೇ ಮುಗಿಯುವ ಹಾಯಿ ಜಿಬ್. ಕೂವೆಮರವನ್ನೂ ದಾಟಿ ಹಿಂದಕ್ಕೆ ಚಾಚುವ ದೊಡ್ಡ ಹಾಯಿ ಜೆನೊವಾ. 1920ರ ದಶಕದಲ್ಲಿ ಸ್ವೀಡನ್ನಿನ ಸ್ವೆನ್ ಸಾಲೆನ್ ಓಟದ ಪಂದ್ಯಗಳಲ್ಲಿ ಬಳಸಿ ಹೆಸರಾದ ಈ ಹಾಯಿಗೆ ಇಟಲಿಯ ಜೆನೊವಾ ಬಂದರಿನ ಹೆಸರೇ ನಿಂತಿತು. 130ರಿಂದ 150 ಶೇಕಡಾ ಇರುವ ಜೆನೊವಾ ಮಂದ ಗಾಳಿಯಲ್ಲಿ ಬಹಳ ಉಪಯುಕ್ತ, ಜೋರು ಗಾಳಿಯಲ್ಲಿ ಬಹಳ ದೊಡ್ಡದು. ಹಿಂದೆ ಇದಕ್ಕೆ ಇದ್ದ ಪರಿಹಾರ ಒಂದೇ. ದೊಡ್ಡ ಹಾಯಿಯನ್ನು ಇಳಿಸಬೇಕು, ಚಿಕ್ಕದನ್ನು ಏರಿಸಬೇಕು. ಕುಣಿಯುವ ಮೂತಿಯ ಮೇಲೆ ಮಂಡಿಯೂರಿ, ಅಲೆಯ ನೀರು ಮೈಮೇಲೆ ಬೀಳುತ್ತಿರುವಾಗ, ಒಂದೊಂದೇ ಕೊಂಡಿ ಬಿಚ್ಚಿ ಒದ್ದೆ ಹಾಯಿಯನ್ನು ಅಪ್ಪಿ ಹಿಡಿದು ಈ ಕೆಲಸ ಮಾಡಬೇಕಿತ್ತು. ಒಬ್ಬರೋ ಇಬ್ಬರೋ ಇರುವ ದೋಣಿಯಲ್ಲಿ ಮುಂದೆ ಹೋದವನು ನೀರಿಗೆ ಬಿದ್ದರೆ ಅವನನ್ನು ಮೇಲೆತ್ತಲು ಕೈಗಳೇ ಸಾಲವು. ಸುರುಳಿ ಹಾಯಿ ಹುಟ್ಟಿದ್ದು ಈ ಭಯದಿಂದ.

ಇತಿಹಾಸ

ಹಾಯಿಯನ್ನು ಸುತ್ತಿ ಕುಗ್ಗಿಸುವ ಆಲೋಚನೆ ಮೊದಲು ಕೈಗೂಡಿದ್ದು ದೊಡ್ಡ ವ್ಯಾಪಾರಿ ಹಡಗುಗಳಲ್ಲಿ, ಅದೂ ಚೌಕ ಹಾಯಿಗಳಲ್ಲಿ. 1850ರಲ್ಲಿ ಇಂಗ್ಲೆಂಡಿನ ಕನ್ನಿಂಗ್‌ಹ್ಯಾಮ್ ಪೇಟೆಂಟ್ ಪಡೆದ ವಿಧಾನದಲ್ಲಿ ಹಾಯಿ ತೂಗುವ ಅಡ್ಡಮರವೇ ತಿರುಗಿ ಬಟ್ಟೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತಿತ್ತು. ನಾವಿಕರು ಎತ್ತರಕ್ಕೆ ಹತ್ತದೆ ಡೆಕ್ಕಿನಿಂದಲೇ ಹಾಯಿ ಕುಗ್ಗಿಸಬಹುದಾಯಿತು. ಕೆಲಸಗಾರರ ಸಂಖ್ಯೆ ಕಡಿಮೆ ಮಾಡಬೇಕೆಂದಿದ್ದ ಹಡಗಿನ ಮಾಲೀಕರಿಗೆ ಇದು ಹಿಡಿಸಿತು.

ಸಣ್ಣ ದೋಣಿಗಳ ಮುಂದಿನ ಹಾಯಿಗೆ ಇದೇ ತತ್ವ ಗಟ್ಟಿಯಾಗಿ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಇಂಗ್ಲೆಂಡಿನ ವೈಕಮ್-ಮಾರ್ಟಿನ್ ಸಾಧನದೊಂದಿಗೆ. ಅದರಲ್ಲಿ ಇದ್ದುದು ಎರಡೇ ಲೋಹದ ತುಂಡು. ಕೆಳಗೆ ಹಗ್ಗ ಸುತ್ತಿಕೊಳ್ಳುವ ಡ್ರಮ್, ಮೇಲೆ ಸರಾಗವಾಗಿ ತಿರುಗುವ ಸ್ವಿವೆಲ್. ಎರಡರ ನಡುವೆ ಹಾಯಿಯ ಮುಂದಂಚಿನಲ್ಲಿ ಹೊಲಿದ ಉಕ್ಕಿನ ತಂತಿ. ಡ್ರಮ್ಮಿನ ಹಗ್ಗ ಎಳೆದರೆ ತಂತಿ ತಿರುಗುತ್ತದೆ, ಹಾಯಿ ಅದರ ಸುತ್ತ ಸುತ್ತಿಕೊಳ್ಳುತ್ತದೆ. ಈ ಸರಳ ಸಾಧನ ಇಂದಿಗೂ ತಯಾರಾಗುತ್ತಿದೆ, ಹಳೆಯ ಶೈಲಿಯ ದೋಣಿಗಳ ಮೂತಿಯಲ್ಲಿ ಹೊಳೆಯುತ್ತಿದೆ. ಆದರೆ ಅದು ಸುತ್ತಿಡಲು ಮಾತ್ರ ಯೋಗ್ಯ. ಕೆಳಗೆ ಡ್ರಮ್ ತಿರುಗಿದಷ್ಟು ಮೇಲ್ತುದಿ ತಿರುಗುವುದಿಲ್ಲ. ತಂತಿ ನಡುವೆ ತಿರುಚಿಕೊಳ್ಳುತ್ತದೆ. ಅರ್ಧ ಸುತ್ತಿ ಬಿಟ್ಟರೆ ಕೆಳಭಾಗ ಬಿಗಿಯಾಗಿ ಸುತ್ತಿಕೊಂಡು ಮೇಲ್ಭಾಗ ಸಡಿಲವಾಗಿ ಗಾಳಿ ತುಂಬಿಕೊಂಡಿರುತ್ತದೆ. ಗಾಳಿಯ ಬಲ ಎತ್ತರದಲ್ಲಿ ಕಡಿಮೆಯಾಗಬೇಕಾದ ಹೊತ್ತಿನಲ್ಲಿ ಅಲ್ಲಿಯೇ ಹೆಚ್ಚಾಗುತ್ತದೆ.

ಮುಂದಿನ ಹೆಜ್ಜೆಗೆ ಎರಡು ಬದಲಾವಣೆಗಳು ಬೇಕಾಗಿದ್ದವು. ಮೊದಲನೆಯದು ಬಟ್ಟೆಯದು. ಹತ್ತಿಯ ಹಾಯಿಯನ್ನು ಒದ್ದೆಯಾಗಿ ಸುತ್ತಿಟ್ಟರೆ ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿದು ಕೊಳೆಯುತ್ತಿತ್ತು. 1950ರ ದಶಕದಲ್ಲಿ ಪಾಲಿಯೆಸ್ಟರ್ ಬಟ್ಟೆ, ಅಂದರೆ ಬ್ರಿಟನ್ನಿನ ಟೆರಿಲೀನ್, ಅಮೆರಿಕದ ಡೆಕ್ರಾನ್, ಹಾಯಿ ಹೊಲಿಯುವವರ ಕೈಸೇರಿತು. ಅದು ಕೊಳೆಯದು, ನೀರು ಹೀರದು. ಹಾಯಿಯನ್ನು ವಾರಗಟ್ಟಲೆ ತಂತಿಯ ಮೇಲೆಯೇ ಬಿಡಲು ಧೈರ್ಯ ಬಂತು.

ಎರಡನೆಯದು ಓಟದ ದೋಣಿಗಳಿಂದ ಬಂತು. ಹಾಯಿಗಳನ್ನು ಬೇಗ ಬದಲಾಯಿಸಲು 1970ರ ದಶಕದಲ್ಲಿ ಓಟಗಾರರು ಫೋರ್‌ಸ್ಟೇಯ ಮೇಲೆ ಉದ್ದಕ್ಕೂ ತೋಡು ಕೊರೆದ ಕೊಳವೆಯಂಥ ಪಟ್ಟಿಯನ್ನು ಅಳವಡಿಸಿಕೊಂಡರು. ಫೋರ್‌ಸ್ಟೇ ಎಂದರೆ ಕೂವೆಮರವನ್ನು ಮುಂದಕ್ಕೆ ಎಳೆದು ಹಿಡಿಯುವ ಉಕ್ಕಿನ ತಂತಿ. ಹಾಯಿಯ ಮುಂದಂಚು ಆ ತೋಡಿನೊಳಗೆ ಜಾರಿ ಏರುತ್ತಿತ್ತು. ಈ ಗಡಸು ಪಟ್ಟಿಯನ್ನೇ ತಿರುಗುವಂತೆ ಮಾಡಿ, ಬುಡಕ್ಕೆ ಡ್ರಮ್ ಕೂಡಿಸಿದಾಗ ಇಂದಿನ ಫರ್ಲರ್ ರೂಪುಗೊಂಡಿತು. ತಂತಿಯಂತೆ ತಿರುಚಿಕೊಳ್ಳದ ಪಟ್ಟಿ ಬುಡದಿಂದ ತುದಿಯವರೆಗೆ ಒಂದೇ ಸಮನೆ ತಿರುಗುತ್ತದೆ. ಹಾಗಾಗಿ ಹಾಯಿಯನ್ನು ಅರ್ಧಕ್ಕೇ ನಿಲ್ಲಿಸುವುದು ಸಾಧ್ಯವಾಯಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ರೊಫರ್ಲ್, ಸ್ವೀಡನ್ನಿನ ಸೆಲ್ಡೆನ್ ಸಂಸ್ಥೆಯ ಫರ್ಲೆಕ್ಸ್, ಅಮೆರಿಕದ ಹಾರ್ಕನ್ ಮೊದಲಾದ ಹೆಸರುಗಳು ಪ್ರವಾಸಿ ದೋಣಿಗಳಲ್ಲಿ ಮನೆಮಾತಾದವು.

ಭಾಗಗಳು

ಫಾಯಿಲ್: ಫೋರ್‌ಸ್ಟೇ ತಂತಿಯನ್ನು ಒಳಗಿಟ್ಟುಕೊಂಡು ಅದರ ಸುತ್ತ ತಿರುಗುವ ಉದ್ದನೆಯ ಪಟ್ಟಿ. ಸಾಮಾನ್ಯವಾಗಿ ಇದು ಅಲ್ಯೂಮಿನಿಯಂನದು. ತುಂಡುತುಂಡಾಗಿ ಬಂದು ಜೋಡಣೆಯಾಗುತ್ತದೆ. ಹಿಂಬದಿಯಲ್ಲಿ ಒಂದೋ ಎರಡೋ ತೋಡುಗಳಿರುತ್ತವೆ. ಹಾಯಿಯ ಮುಂದಂಚಿಗೆ ಹೊಲಿದ ಲಫ್ ಟೇಪ್ ಎಂಬ ದಪ್ಪ ಅಂಚು ಈ ತೋಡಿನಲ್ಲಿ ಕೂರುತ್ತದೆ. ಟ್ರೈಲರಿನಲ್ಲಿ ಸಾಗಿಸುವ, ಪದೇ ಪದೇ ಕೂವೆಮರ ಇಳಿಸುವ ಸಣ್ಣ ದೋಣಿಗಳಿಗೆ ಬಾಗುವ ಪ್ಲಾಸ್ಟಿಕ್ ಫಾಯಿಲ್‌ಗಳೂ ಉಂಟು. ಅವು ಅಗ್ಗ, ಬಾಗಿದರೂ ಮುರಿಯುವುದಿಲ್ಲ.

ಡ್ರಮ್: ಫಾಯಿಲ್‌ನ ಬುಡದಲ್ಲಿರುವ ರಾಟೆ. ಹಾಯಿಯ ಮುಂದಿನ ಕೆಳಮೂಲೆ, ಅಂದರೆ ಟ್ಯಾಕ್, ಇದರ ಮೇಲ್ಭಾಗಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ. ಲಂಗರು ಹಾಕಲು ಜಾಗ ಬೇಕಾದ ದೋಣಿಗಳಲ್ಲಿ ಎರಡು ಉಕ್ಕಿನ ಪಟ್ಟಿಗಳಿಂದ ಡ್ರಮ್ಮನ್ನು ಡೆಕ್ಕಿನಿಂದ ಸ್ವಲ್ಪ ಎತ್ತರಿಸುತ್ತಾರೆ.

ಮೇಲಿನ ಸ್ವಿವೆಲ್: ಹಾಯಿಯ ತಲೆಯನ್ನು ಹಿಡಿದು ಫಾಯಿಲ್ ಮೇಲೆ ಏರಿಳಿಯುವ ಬಿಡಿಭಾಗ. ಇದರ ಕೆಳಗಿನ ಅರ್ಧ ಹಾಯಿಯ ಜೊತೆ ತಿರುಗುತ್ತದೆ. ಮೇಲಿನ ಅರ್ಧ ಹಾಯಿ ಏರಿಸುವ ಹಗ್ಗಕ್ಕೆ, ಅಂದರೆ ಹ್ಯಾಲ್ಯಾರ್ಡಿಗೆ, ಅಂಟಿಕೊಂಡು ಅಲುಗದೆ ನಿಲ್ಲಬೇಕು. ನಡುವೆ ಇರುವುದು ಬೇರಿಂಗ್. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ತೊಂದರೆ ಹುಟ್ಟುವ ಜಾಗ ಇದು.

ಫರ್ಲಿಂಗ್ ಹಗ್ಗ: ಡ್ರಮ್ಮಿನಿಂದ ಹೊರಟು, ದೋಣಿಯ ಅಂಚಿನ ಕಂಬಗಳಿಗೆ ಕಟ್ಟಿದ ಸಣ್ಣ ರಾಟೆಗಳ ಮೂಲಕ ಹಾದು ಕಾಕ್‌ಪಿಟ್‌ಗೆ ಬರುವ ಹಗ್ಗ. ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ದಪ್ಪ. ಇದು ಡ್ರಮ್ಮನ್ನು ಫೋರ್‌ಸ್ಟೇಗೆ ಲಂಬಕೋನದಲ್ಲಿ ಮುಟ್ಟಬೇಕು. ಇಲ್ಲದಿದ್ದರೆ ಸುತ್ತುಗಳು ಒಂದೇ ಕಡೆ ಗುಡ್ಡೆಯಾಗಿ ಸಿಕ್ಕಿಹಾಕಿಕೊಳ್ಳುತ್ತವೆ.

ಟಾಗಲ್‌ಗಳು: ಫೋರ್‌ಸ್ಟೇಯ ಎರಡೂ ತುದಿಗಳಲ್ಲಿ ಎಲ್ಲ ದಿಕ್ಕಿಗೂ ಬಾಗುವ ಸಂಧಿಗಳು. ಹಾಯಿ ತುಂಬಿದಾಗ ತಂತಿ ಪಕ್ಕಕ್ಕೆ ಬಳುಕುತ್ತದೆ. ಟಾಗಲ್ ಇಲ್ಲದಿದ್ದರೆ ಆ ಬಳುಕೆಲ್ಲ ತಂತಿಯ ಬುಡದಲ್ಲೇ ಆಗಿ, ಎಳೆಗಳು ದಣಿದು ಒಂದೊಂದಾಗಿ ಕತ್ತರಿಸುತ್ತವೆ.

ಕೆಲಸ ಮಾಡುವ ಬಗೆ

ಹಾಯಿ ಸುತ್ತಿರುವಾಗ ಡ್ರಮ್ ಹೆಚ್ಚುಕಡಿಮೆ ಖಾಲಿ. ಹಾಯಿಯ ಹಿಂದಿನ ಮೂಲೆಗೆ ಕಟ್ಟಿದ ಶೀಟ್ ಹಗ್ಗವನ್ನು ಎಳೆದಾಗ ಹಾಯಿ ಬಿಚ್ಚಿಕೊಳ್ಳುತ್ತದೆ, ಫಾಯಿಲ್ ತಿರುಗುತ್ತದೆ, ಫರ್ಲಿಂಗ್ ಹಗ್ಗ ಡ್ರಮ್ಮಿನ ಮೇಲೆ ಸುತ್ತಿಕೊಳ್ಳುತ್ತದೆ. ಮತ್ತೆ ಫರ್ಲಿಂಗ್ ಹಗ್ಗ ಎಳೆದಾಗ ಎಲ್ಲವೂ ಹಿಮ್ಮುಖ. ಒಂದು ಬಿಚ್ಚಿದಷ್ಟು ಇನ್ನೊಂದು ಸುತ್ತಿಕೊಳ್ಳಬೇಕು. ಆದ್ದರಿಂದ ಒಂದನ್ನು ಎಳೆಯುವಾಗ ಇನ್ನೊಂದನ್ನು ಕೈಬಿಡದೆ, ಹದವಾಗಿ ಬಿಗಿಹಿಡಿದು ಸಡಿಲಿಸುತ್ತ ಹೋಗಬೇಕು.

ಡ್ರಮ್ಮಿನಲ್ಲಿ ಹಗ್ಗ ತುಂಬಿದ್ದಾಗ ಅದರ ಸುತ್ತಳತೆ ದೊಡ್ಡದು, ಎಳೆಯುವ ಕೈಗೆ ಸನ್ನೆಬಲ ಹೆಚ್ಚು. ಹಾಯಿ ಪೂರ್ತಿ ಬಿಚ್ಚಿ ಗಾಳಿಯ ಬಲ ಗರಿಷ್ಠವಾಗಿರುವಾಗಲೇ ಈ ಅನುಕೂಲ ಸಿಗುತ್ತದೆ. ಸುತ್ತುತ್ತ ಹೋದಂತೆ ಡ್ರಮ್ ಬರಿದಾಗಿ ಸನ್ನೆಬಲ ಇಳಿಯುತ್ತದೆ, ಆದರೆ ಅಷ್ಟರಲ್ಲಿ ಹಾಯಿಯೂ ಚಿಕ್ಕದಾಗಿರುತ್ತದೆ.

ಡ್ರಮ್ಮಿನ ಮೇಲೆ ಎಷ್ಟು ಸುತ್ತು ಹಗ್ಗವಿರಬೇಕು ಎಂಬುದನ್ನು ಬಂದರಿನಲ್ಲೇ ತೀರ್ಮಾನಿಸಬೇಕು. ಮಂದ ಗಾಳಿಯಲ್ಲಿ ಹಾಯಿ ಸಡಿಲವಾಗಿ ಸುತ್ತಿಕೊಳ್ಳುವುದರಿಂದ ಕಡಿಮೆ ಸುತ್ತು ಸಾಕು. ಬಿರುಗಾಳಿಯಲ್ಲಿ ಹಾಯಿ ಬಿಗಿಯಾಗಿ ಸುತ್ತಿಕೊಂಡು ಹೆಚ್ಚು ಸುತ್ತುಗಳನ್ನು ಬೇಡುತ್ತದೆ. ಆಗ ಡ್ರಮ್ ಬರಿದಾಗಿಬಿಟ್ಟರೆ ಹಾಯಿಯ ಒಂದು ಮೂಲೆ ಹೊರಗೇ ಉಳಿದು ಬಡಿದುಕೊಳ್ಳುತ್ತದೆ. ಹಾಗಾಗಿ ಪೂರ್ತಿ ಸುತ್ತಿದ ಮೇಲೆ ಶೀಟ್ ಹಗ್ಗಗಳು ಹಾಯಿಯ ಸುತ್ತ ಎರಡು ಮೂರು ಸುತ್ತು ಬರುವಷ್ಟು, ಅದಾದ ಮೇಲೂ ಡ್ರಮ್ಮಿನಲ್ಲಿ ಕೆಲವು ಸುತ್ತು ಉಳಿಯುವಷ್ಟು ಹಗ್ಗ ಇಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ.

ಬಗೆಗಳು

ಸುತ್ತಿಡಲು ಮಾತ್ರ ಇರುವ ಸಾಧನಗಳು ವೈಕಮ್-ಮಾರ್ಟಿನ್ ವಂಶದವು. ವೇಫೇರರ್‌ನಂಥ ತೆರೆದ ಸಣ್ಣ ದೋಣಿಗಳ ಜಿಬ್‌ಗೆ ಇವೇ ಸೂಕ್ತ. ದಡ ಮುಟ್ಟುವ ಮುನ್ನ ಜಿಬ್ಬನ್ನು ಕ್ಷಣದಲ್ಲಿ ಮುಚ್ಚಿ ನಿಧಾನವಾಗಿ ಒಳಬರಲು ಇದರಿಂದ ಬಹಳ ಅನುಕೂಲ.

ಸುತ್ತಿಡುವುದಕ್ಕೂ ಕುಗ್ಗಿಸುವುದಕ್ಕೂ ಆಗುವ ಫಾಯಿಲ್ ಸಾಧನಗಳು ಪ್ರವಾಸಿ ದೋಣಿಗಳ ಮುಖ್ಯ ಬಗೆ. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಹಗ್ಗದ ಡ್ರಮ್ ಇರುತ್ತದೆ. ಕೆಲವು ತಯಾರಕರು ತುದಿಯಿಲ್ಲದ, ಬಳೆಯಂತೆ ಕೂಡಿದ ಹಗ್ಗವನ್ನು ಬಳಸುತ್ತಾರೆ. ಅಲ್ಲಿ ಹಗ್ಗ ಡ್ರಮ್ಮಿನಲ್ಲಿ ತುಂಬಿಕೊಳ್ಳುವುದಿಲ್ಲ, ಹಾಗಾಗಿ ಸಿಕ್ಕಾಗುವುದೂ ಇಲ್ಲ. ಡ್ರಮ್ಮನ್ನು ಡೆಕ್ಕಿನ ಕೆಳಗೆ ಹುದುಗಿಸಿ ಹಾಯಿಯ ತಳವನ್ನು ಡೆಕ್ಕಿಗೆ ತಾಗುವಂತೆ ಇಳಿಸುವ ಮಾದರಿಗಳು ಓಟ, ಪ್ರವಾಸ ಎರಡನ್ನೂ ಬಯಸುವವರಿಗೆ. ದೊಡ್ಡ ದೋಣಿಗಳಲ್ಲಿ ವಿದ್ಯುತ್ ಅಥವಾ ಹೈಡ್ರಾಲಿಕ್ ಮೋಟಾರು ಈ ಕೆಲಸ ಮಾಡುತ್ತದೆ.

ಹಿಂದಿನಿಂದ, ಪಕ್ಕದಿಂದ ಬೀಸುವ ಮಂದ ಗಾಳಿಗೆ ಬಳಸುವ ಕೋಡ್ ಝೀರೋ, ಜೆನೇಕರ್ ಎಂಬ ತೆಳು ಹಾಯಿಗಳಿಗೆ ತಿರುಚಿಕೊಳ್ಳದ ವಿಶೇಷ ಹಗ್ಗದ ಫರ್ಲರ್‌ಗಳಿವೆ. ಜೆನೇಕರ್‌ಗಾಗಿ ಮೇಲಿನಿಂದ ಕೆಳಕ್ಕೆ ಸುತ್ತುವ ಮಾದರಿ ಇದೆ. ಇವೆಲ್ಲ ಸುತ್ತಿಡಲು ಮಾತ್ರ, ಕುಗ್ಗಿಸಲು ಅಲ್ಲ.

ಅರ್ಧ ಸುತ್ತಿದ ಹಾಯಿಯ ಆಕಾರ

ಹಾಯಿ ಚಪ್ಪಟೆ ಬಟ್ಟೆಯಲ್ಲ. ಹೊಲಿಯುವಾಗಲೇ ಅದರ ನಡುವಿಗೆ ಹಕ್ಕಿಯ ರೆಕ್ಕೆಯಂಥ ಉಬ್ಬು ಕೊಟ್ಟಿರುತ್ತಾರೆ. ಈ ಉಬ್ಬು ಗಾಳಿಯ ಹರಿವನ್ನು ಬಾಗಿಸಿ ದೋಣಿಯನ್ನು ಮುಂದಕ್ಕೆಳೆಯುತ್ತದೆ. ಉಬ್ಬಿರುವ ಬಟ್ಟೆಯನ್ನು ನೇರ ಕೋಲಿನ ಸುತ್ತ ಸುತ್ತಿದರೆ ಎರಡು ತುದಿಗಳು ಬಿಗಿಯಾಗಿ, ನಡುವೆ ಬಟ್ಟೆ ಮಿಕ್ಕುತ್ತದೆ. ಮಿಕ್ಕ ಬಟ್ಟೆ ಇನ್ನೂ ಆಳವಾದ ಜೋಳಿಗೆಯಾಗುತ್ತದೆ. ಜೋರು ಗಾಳಿಯಲ್ಲಿ ಬೇಕಾದದ್ದು ಚಪ್ಪಟೆ ಹಾಯಿ. ಸುತ್ತಿದಾಗ ಸಿಗುವುದು ಚೀಲದಂಥ ಹಾಯಿ. ಅದು ದೋಣಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ತಳ್ಳುತ್ತದೆ. ಗಾಳಿಯ ಎದುರಿಗೆ ಸಾಗಬೇಕಾದ ದೋಣಿಗೆ, ಅದರಲ್ಲೂ ಗಾಳಿ ದಡದ ಬಂಡೆಗಳ ಕಡೆ ತಳ್ಳುತ್ತಿರುವಾಗ, ಇದು ಪ್ರಾಣದ ಪ್ರಶ್ನೆ.

ಹಾಯಿ ಹೊಲಿಯುವವರು ಇದಕ್ಕೆ ಕಂಡುಕೊಂಡ ಉಪಾಯಗಳು ಜಾಣತನದವು. ಮುಂದಂಚಿನ ಒಳಬದಿಗೆ ನೀರು ಹೀರದ ಸ್ಪಂಜಿನ ಪಟ್ಟಿಯನ್ನೋ ಹಗ್ಗಗಳ ಸಾಲನ್ನೋ ಹೊಲಿಯುತ್ತಾರೆ. ಅದು ನಡುವೆ ದಪ್ಪ, ತುದಿಗಳ ಕಡೆ ತೆಳು. ಸುತ್ತಿದಾಗ ನಡುವಿನ ಸುರುಳಿ ದಪ್ಪವಾಗಿ ಅಲ್ಲಿನ ಹೆಚ್ಚುವರಿ ಬಟ್ಟೆಯನ್ನು ನುಂಗುತ್ತದೆ. ಕೆಲವು ಫರ್ಲರ್‌ಗಳಲ್ಲಿ ಹಾಯಿಯ ಟ್ಯಾಕ್ ಮೂಲೆಗೂ ಬೇರೆ ಸ್ವಿವೆಲ್ ಇರುತ್ತದೆ. ಫಾಯಿಲ್ ಮೊದಲ ಸುತ್ತು ತಿರುಗುವಾಗ ತಲೆಯೂ ಟ್ಯಾಕ್ ಮೂಲೆಯೂ ಹಿಂದುಳಿಯುತ್ತವೆ. ನಡುಭಾಗ ಮೊದಲು ಸುತ್ತಿಕೊಂಡು ಉಬ್ಬು ಇಳಿಯುತ್ತದೆ.

ಶಕ್ತಿಯ ಪ್ರಶ್ನೆಯೂ ಇದೆ. ಪೂರ್ತಿ ಬಿಚ್ಚಿದ ಹಾಯಿಯ ಮೂಲೆಗಳಿಗೆ ಪದರ ಪದರ ಬಟ್ಟೆಯ ತೇಪೆ ಹಾಕಿ ಬಲಪಡಿಸಿರುತ್ತಾರೆ. ಅರ್ಧ ಸುತ್ತಿದಾಗ ಆ ಮೂಲೆಗಳು ಸುರುಳಿಯೊಳಗೆ ಸೇರಿ, ಹಾಯಿಯ ನಡುವಿನ ಯಾವುದೋ ತೆಳು ಜಾಗ ಹೊಸ ಮೂಲೆಯಾಗುತ್ತದೆ. ಆದ್ದರಿಂದ ಕುಗ್ಗಿಸಲೆಂದೇ ಹೊಲಿದ ಹಾಯಿಯಲ್ಲಿ ತಲೆಯಿಂದ, ಟ್ಯಾಕಿನಿಂದ ಹಿಂದಕ್ಕೆ ಉದ್ದವಾಗಿ ತೇಪೆಗಳು ಚಾಚಿರುತ್ತವೆ. ತಳದಂಚಿನಲ್ಲಿ ಬಣ್ಣದ ಗುರುತುಗಳಿದ್ದರೆ ಎಲ್ಲಿಯವರೆಗೆ ಸುತ್ತಬೇಕೆಂದು ಚುಕ್ಕಾಣಿಯ ಬಳಿಯಿಂದಲೇ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಮಿತಿ ಮಿತಿಯೇ. ಚೆನ್ನಾಗಿ ಹೊಲಿದ ಹಾಯಿ ತನ್ನ ವಿಸ್ತೀರ್ಣದ ಮೂರನೇ ಒಂದು ಭಾಗ ಕಳೆದುಕೊಳ್ಳುವವರೆಗೆ ಹದವಾದ ಆಕಾರ ಉಳಿಸಿಕೊಳ್ಳುತ್ತದೆ. 135 ಶೇಕಡಾ ಜೆನೊವಾವನ್ನು 100ರ ಆಸುಪಾಸಿಗೆ ತರಬಹುದು. ಅದೇ ಹಾಯಿಯಿಂದ ಬಿರುಗಾಳಿಯ ಪುಟ್ಟ ಜಿಬ್ಬನ್ನು ತೆಗೆಯಲಾಗದು. ಮಂದ ಗಾಳಿಗೆಂದು ತೆಳು ಬಟ್ಟೆಯಲ್ಲಿ ಹೊಲಿದ 150ರ ಹಾಯಿಯೇ ಎಲ್ಲ ಕಾಲಕ್ಕೂ ಸಾಕು ಎಂಬ ನಂಬಿಕೆ ಹಲವರಿಗೆ ದುಬಾರಿಯಾಗಿದೆ.

ಬಳಸುವ ಕ್ರಮ

ಹಾಯಿ ಬಿಚ್ಚುವಾಗ ಫರ್ಲಿಂಗ್ ಹಗ್ಗವನ್ನು ಒಂದು ಕಂಬಕ್ಕೋ, ಹಗ್ಗ ಎಳೆಯಲು ಬಳಸುವ ವಿಂಚ್ ಎಂಬ ಉರುಳೆಗೋ ಒಂದು ಸುತ್ತು ಹಾಕಿ, ಕೈಯಲ್ಲಿ ಹಿಡಿದು ಬಿಡಬೇಕು. ಒಮ್ಮೆಲೇ ಕೈಬಿಟ್ಟರೆ ಹಾಯಿ ಢಬ್ಬೆಂದು ತೆರೆದುಕೊಳ್ಳುತ್ತದೆ. ಹಗ್ಗ ಡ್ರಮ್ಮಿನ ಮೇಲೆ ಸಡಿಲವಾಗಿ ಕುಣಿದು ಗಂಟಾಗುತ್ತದೆ. ಆ ಗಂಟು ಗೊತ್ತಾಗುವುದು ಮುಂದೆ ಗಾಳಿ ಏರಿ ಹಾಯಿ ಮುಚ್ಚಬೇಕಾದ ಹೊತ್ತಿನಲ್ಲಿ.

ಸುತ್ತುವಾಗ ಮೊದಲು ಹಾಯಿಯ ಮೇಲಿನ ಒತ್ತಡ ಇಳಿಸಬೇಕು. ಶೀಟನ್ನು ಸಡಿಲಿಸುವುದು ಒಂದು ದಾರಿ. ಇನ್ನೂ ಒಳ್ಳೆಯದು ದೋಣಿಯನ್ನು ಗಾಳಿ ಬೀಸಿಹೋಗುವ ದಿಕ್ಕಿಗೆ ತಿರುಗಿಸುವುದು. ಆಗ ಕೂವೆಮರದ ಹಿಂದಿನ ಮುಖ್ಯ ಹಾಯಿಯ ಮರೆಯಲ್ಲಿ ಮುಂದಿನ ಹಾಯಿ ಗಾಳಿ ಕಳೆದುಕೊಂಡು ಸುಲಭವಾಗಿ ಸುತ್ತಿಕೊಳ್ಳುತ್ತದೆ. ಆದರೆ ಶೀಟನ್ನು ಪೂರ್ತಿ ಬಿಡಬಾರದು. ಸ್ವಲ್ಪ ಬಿಗಿಯಿದ್ದರೆ ಮಾತ್ರ ಸುರುಳಿ ಗಟ್ಟಿಯಾಗಿ, ಒಂದೇ ಸಮನಾಗಿ ಬರುತ್ತದೆ. ಸಡಿಲ ಸುರುಳಿಯ ಮಡಿಕೆಗಳಲ್ಲಿ ರಾತ್ರಿಯ ಗಾಳಿ ಬೆರಳು ತೂರಿಸಿ ಹಾಯಿಯನ್ನು ಬಿಚ್ಚಿಹಾಕಬಲ್ಲದು.

ಅರ್ಧ ಸುತ್ತಿದ ಮೇಲೆ ಶೀಟ್ ಹಾದುಹೋಗುವ ರಾಟೆಯನ್ನು ಹಳಿಯ ಮೇಲೆ ಮುಂದಕ್ಕೆ ತರಬೇಕು. ಹಾಯಿ ಚಿಕ್ಕದಾದಂತೆ ಅದರ ಹಿಂದಿನ ಮೂಲೆ ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ರಾಟೆ ಹಳೆಯ ಜಾಗದಲ್ಲೇ ಇದ್ದರೆ ಹಾಯಿಯ ಮೇಲ್ಭಾಗ ತಿರುಚಿ ಗಾಳಿಯನ್ನು ಚೆಲ್ಲುತ್ತದೆ, ಹಿಂದಂಚು ಬಡಿದುಕೊಳ್ಳುತ್ತದೆ. ಮೂಲೆಯನ್ನು ಎತ್ತರದಲ್ಲಿ ಕತ್ತರಿಸಿದ ಯಾಂಕಿ ಮಾದರಿಯ ಹಾಯಿಗೆ ಈ ಹೊಂದಾಣಿಕೆ ಕಡಿಮೆ ಸಾಕು. ದೂರಯಾನದವರು ಅದನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಕೂವೆಮರವನ್ನು ಹಿಂದಕ್ಕೆ ಎಳೆದು ಹಿಡಿಯುವ ಹಿಂಗಟ್ಟಿನ ತಂತಿಯನ್ನು ಬಿಗಿಗೊಳಿಸಿದರೆ ಫೋರ್‌ಸ್ಟೇಯ ಜೋಲು ಕಡಿಮೆಯಾಗಿ, ಹಾಯಿಯ ಉಬ್ಬು ಇನ್ನಷ್ಟು ಇಳಿಯುತ್ತದೆ.

ಗಾಳಿ ಏರುವ ಮುನ್ನವೇ ಸುತ್ತುವುದು ಎಲ್ಲಕ್ಕಿಂತ ಮುಖ್ಯ ನಿಯಮ. ಕುಗ್ಗಿಸಬೇಕೇ ಎಂಬ ಯೋಚನೆ ಮೊದಲ ಸಲ ಬಂದ ಕ್ಷಣವೇ ಕುಗ್ಗಿಸುವ ಕ್ಷಣ ಎಂದು ಹಳೆಯ ನಾವಿಕರು ಕಲಿಸುತ್ತಾರೆ.

ತೊಂದರೆಗಳು

ಹ್ಯಾಲ್ಯಾರ್ಡ್ ಸುತ್ತಿಕೊಳ್ಳುವುದು ಅತಿ ಸಾಮಾನ್ಯವಾದ, ಅತಿ ಅಪಾಯಕಾರಿಯಾದ ತೊಂದರೆ. ಹ್ಯಾಲ್ಯಾರ್ಡ್ ಫೋರ್‌ಸ್ಟೇಗೆ ತೀರ ಹತ್ತಿರ, ಸಮಾನಾಂತರವಾಗಿ ಇಳಿದರೆ ಸ್ವಿವೆಲ್‌ನ ಮೇಲಿನ ಅರ್ಧವನ್ನು ತಡೆದು ನಿಲ್ಲಿಸಲು ಏನೂ ಇರುವುದಿಲ್ಲ. ಹಾಯಿಯ ಜೊತೆ ಅದೂ ತಿರುಗಿ, ಹಗ್ಗವನ್ನು ಫಾಯಿಲ್‌ಗೆ ಬಳ್ಳಿಯಂತೆ ಸುತ್ತಿಹಾಕುತ್ತದೆ. ಹಾಯಿ ಆಮೇಲೆ ಸುತ್ತಲೂ ಬಾರದು, ಬಿಚ್ಚಲೂ ಬಾರದು. ಪರಿಹಾರ ಮೂರು ಬಗೆಯದು. ಹ್ಯಾಲ್ಯಾರ್ಡ್ ಫೋರ್‌ಸ್ಟೇಯಿಂದ ಸುಮಾರು 10 ಡಿಗ್ರಿ ಕೋನದಲ್ಲಿ ಹಿಂದಕ್ಕೆ ಸರಿದಿರಬೇಕು. ಕೂವೆಮರದ ರಚನೆ ಅದಕ್ಕೆ ಅವಕಾಶ ಕೊಡದಿದ್ದರೆ ಹಗ್ಗವನ್ನು ಹಿಂದಕ್ಕೆ ಹಿಡಿಯುವ ಚಿಕ್ಕ ಕೊಂಡಿಯನ್ನು ಮರಕ್ಕೆ ಜೋಡಿಸಬೇಕು. ಹಾಯಿ ಗಿಡ್ಡವಾಗಿದ್ದರೆ ಅದರ ತಲೆಗೆ ತುಂಡು ತಂತಿ ಸೇರಿಸಿ, ಸ್ವಿವೆಲ್ ಫಾಯಿಲ್‌ನ ತುದಿಯ ಹತ್ತಿರಕ್ಕೆ ಏರುವಂತೆ ಮಾಡಬೇಕು.

ಹಗ್ಗ ಬರುತ್ತಿಲ್ಲವೆಂದು ವಿಂಚಿಗೆ ಹಾಕಿ ಬಲವಾಗಿ ಎಳೆಯುವುದು ದೊಡ್ಡ ತಪ್ಪು. ವಿಂಚಿನ ಬಲ ಕೈಬಲದ ಹತ್ತಾರು ಪಟ್ಟು. ಸಿಕ್ಕಿಕೊಂಡ ಹ್ಯಾಲ್ಯಾರ್ಡಿನ ಮೂಲಕ ಆ ಬಲ ಫೋರ್‌ಸ್ಟೇಯನ್ನೇ ತಿರುಚಿ ಎಳೆಗಳನ್ನು ಬಿಚ್ಚುತ್ತದೆ. ಫೋರ್‌ಸ್ಟೇ ಹೋದರೆ ಕೂವೆಮರ ಉರುಳುತ್ತದೆ. ಕೈಗೆ ಬಾರದ ಫರ್ಲರ್ ಏನನ್ನೋ ಹೇಳುತ್ತಿದೆ ಎಂದುಕೊಂಡು ಮೊದಲು ತಲೆಯೆತ್ತಿ ಮೇಲೆ ನೋಡಬೇಕು.

ಫರ್ಲಿಂಗ್ ಹಗ್ಗ ಕತ್ತರಿಸಿದರೆ ಆಗುವ ಹಾನಿಯೂ ಕಡಿಮೆಯಲ್ಲ. ಅರ್ಧ ಸುತ್ತಿದ ಹಾಯಿಯ ಪೂರ್ತಿ ಬಲವನ್ನು ತಡೆದಿರುವುದು ಈ ಒಂದು ಹಗ್ಗ. ಅದು ತುಂಡಾದ ಕ್ಷಣ ಬಿರುಗಾಳಿಯ ನಡುವೆ ಇಡೀ ಜೆನೊವಾ ತೆರೆದುಕೊಳ್ಳುತ್ತದೆ. ಹಗ್ಗ ಡ್ರಮ್ಮಿನ ಬಾಯಿಯಲ್ಲಿ, ರಾಟೆಗಳ ಅಂಚಿನಲ್ಲಿ ಸವೆಯುತ್ತದೆ. ಅಲ್ಲಿ ಎಳೆ ಬಿಟ್ಟಿದ್ದರೆ ಇಡೀ ಹಗ್ಗ ಬದಲಿಸುವುದೇ ಕ್ಷೇಮ.

ಬಿರುಗಾಳಿಯ ಸಿದ್ಧತೆ

ತೆರೆದ ಸಮುದ್ರದ ಪಂದ್ಯಗಳಿಗೆ ವರ್ಲ್ಡ್ ಸೇಲಿಂಗ್ ಸಂಸ್ಥೆ ರೂಪಿಸಿರುವ ಸುರಕ್ಷತಾ ನಿಯಮಗಳು ಫರ್ಲರ್‌ನ ಮಿತಿಯನ್ನು ಸ್ಪಷ್ಟವಾಗಿ ಗುರುತಿಸುತ್ತವೆ. ಬಿರುಗಾಳಿಯ ಜಿಬ್‌ನ ವಿಸ್ತೀರ್ಣ ಮುಂದಿನ ತ್ರಿಕೋನದ ಎತ್ತರದ ವರ್ಗದ 5 ಶೇಕಡಾವನ್ನು ಮೀರಬಾರದು, ಜೋರು ಗಾಳಿಯ ಜಿಬ್ 13.5 ಶೇಕಡಾವನ್ನು ಮೀರಬಾರದು. ತ್ರಿಕೋನದ ಎತ್ತರ 10 ಮೀಟರ್ ಇದ್ದರೆ ಕ್ರಮವಾಗಿ 5 ಮತ್ತು 13.5 ಚದರ ಮೀಟರ್. ತೋಡಿನಲ್ಲಿ ಏರುವ ಹಾಯಿಯಾದರೆ, ತೋಡು ಇಲ್ಲದೆಯೂ ಅದನ್ನು ತಂತಿಗೆ ಕಟ್ಟುವ ಇನ್ನೊಂದು ದಾರಿ ಇರಬೇಕು. ಅಷ್ಟು ಪುಟ್ಟ ಹಾಯಿಯನ್ನು ದೊಡ್ಡ ಜೆನೊವಾ ಸುತ್ತಿ ಪಡೆಯಲು ಸಾಧ್ಯವಿಲ್ಲ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಆದ್ದರಿಂದ ದೂರಯಾನದ ದೋಣಿಗಳು ಫೋರ್‌ಸ್ಟೇಯ ಹಿಂದೆ ಬೇಕಾದಾಗ ಕಟ್ಟಿಕೊಳ್ಳುವ ಇನ್ನೊಂದು ತಂತಿಯನ್ನು ಇಟ್ಟುಕೊಳ್ಳುತ್ತವೆ. ಜೆನೊವಾ ಪೂರ್ತಿ ಸುತ್ತಿ ಭದ್ರಪಡಿಸಿ, ಒಳಗಿನ ತಂತಿಗೆ ದಪ್ಪ ಬಟ್ಟೆಯ ಪುಟ್ಟ ಜಿಬ್ ಏರಿಸುತ್ತಾರೆ. ಹಾಯಿಯ ಬಲ ಕೂವೆಮರದ ಹತ್ತಿರಕ್ಕೂ ಕೆಳಕ್ಕೂ ಬರುವುದರಿಂದ ದೋಣಿ ಸಮತೋಲದಲ್ಲಿರುತ್ತದೆ. ಬಂದರಿನಲ್ಲಿ ನಿಂತ ದೋಣಿಗೆ ಚಂಡಮಾರುತದ ಎಚ್ಚರಿಕೆ ಬಂದರೆ ಹಾಯಿಯನ್ನು ಸುತ್ತಿಟ್ಟರೆ ಸಾಲದು, ಇಳಿಸಿ ಒಳಗಿಡಬೇಕು. ಬಿಚ್ಚಿಕೊಂಡ ಒಂದು ಜೆನೊವಾ ಲಂಗರನ್ನೇ ಕಿತ್ತು ದೋಣಿಯನ್ನು ದಡಕ್ಕೆ ಎಸೆಯಬಲ್ಲದು.

ಕೊಂಡಿ ಹಾಯಿಯೊಂದಿಗೆ ಹೋಲಿಕೆ

ಕೊಂಡಿಗಳಿಂದ ತಂತಿಗೆ ಸಿಕ್ಕಿಸುವ ಹಳೆಯ ಹಾಯಿಗೆ ಇಂದೂ ನಿಷ್ಠಾವಂತರಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಪ್ರತಿ ಗಾಳಿಗೂ ಅದಕ್ಕೆಂದೇ ಹೊಲಿದ ಹಾಯಿ ಏರಿಸಿದಾಗ ಆಕಾರ ಸದಾ ಸರಿಯಾಗಿರುತ್ತದೆ. ಇಳಿಸಿದ ಹಾಯಿ ಕೆಳಗಿರುತ್ತದೆ. ಸುತ್ತಿದ ಜೆನೊವಾದ ಭಾರವೂ ಗಾಳಿಗೆ ಒಡ್ಡಿದ ದಪ್ಪವೂ ಎತ್ತರದಲ್ಲೇ ಉಳಿದು ದೋಣಿಯನ್ನು ತೂಗಾಡಿಸುತ್ತವೆ. ಕೊಂಡಿ ಹಾಯಿಯಲ್ಲಿ ಬೇರಿಂಗ್ ಇಲ್ಲ, ಸ್ವಿವೆಲ್ ಇಲ್ಲ, ಕೈಕೊಡಲು ಹೆಚ್ಚೇನೂ ಇಲ್ಲ. ತಂತಿ ಕಣ್ಣಿಗೆ ಕಾಣುತ್ತದೆ. ಐದಾರು ಮೀಟರಿನ ದೋಣಿಯಲ್ಲಿ ಹ್ಯಾಲ್ಯಾರ್ಡ್ ಬಿಟ್ಟು, ಕೆಳಕ್ಕೆಳೆಯುವ ತೆಳು ಹಗ್ಗವೊಂದನ್ನು ಎಳೆದರೆ ಕಾಕ್‌ಪಿಟ್‌ನಿಂದಲೇ ಹಾಯಿ ಡೆಕ್ಕಿಗಿಳಿಯುತ್ತದೆ.

ಫರ್ಲರ್‌ನ ಪರವಾಗಿ ಇರುವುದು ಒಂದೇ ದೊಡ್ಡ ಮಾತು, ಆದರೆ ಅದು ತುಂಬ ತೂಕದ್ದು. ಕತ್ತಲಲ್ಲಿ, ಅಲೆಯಲ್ಲಿ, ಒಂಟಿಯಾಗಿರುವಾಗ ಮೂತಿಗೆ ಹೋಗದೆ ಹಾಯಿ ಕುಗ್ಗಿಸಬಹುದು. ಸುಲಭವಾಗಿರುವುದರಿಂದಲೇ ಜನ ಸಕಾಲದಲ್ಲಿ ಕುಗ್ಗಿಸುತ್ತಾರೆ. ವಯಸ್ಸಾದವರು, ಪುಟ್ಟ ಮಕ್ಕಳಿರುವ ಕುಟುಂಬಗಳು, ದೈಹಿಕ ಮಿತಿಗಳಿರುವವರು ಸಮುದ್ರದಲ್ಲಿ ಉಳಿಯಲು ಈ ಸಾಧನ ನೆರವಾಗಿದೆ.

ನಿರ್ವಹಣೆ ಮತ್ತು ಭಾರತದ ಅನುಭವ

ಪಾಲಿಯೆಸ್ಟರ್ ಕೊಳೆಯದಿದ್ದರೂ ಬಿಸಿಲಿನ ಅತಿನೇರಳೆ ಕಿರಣ ಅದರ ಎಳೆಗಳನ್ನು ಪುಡಿಮಾಡುತ್ತದೆ. ಆದ್ದರಿಂದ ಹಿಂದಂಚು, ತಳದಂಚುಗಳಿಗೆ ಬಣ್ಣದ ಅಕ್ರಿಲಿಕ್ ಪಟ್ಟಿ ಹೊಲಿದು, ಸುತ್ತಿದಾಗ ಅದೇ ಹೊರಗೆ ಬರುವಂತೆ ಡ್ರಮ್ಮಿನ ತಿರುಗು ದಿಕ್ಕನ್ನು ಹೊಂದಿಸುತ್ತಾರೆ. ಪಟ್ಟಿಯ ಬಟ್ಟೆಗಿಂತ ಮೊದಲು ಅದರ ಹೊಲಿಗೆ ದಾರ ಸೋಲುತ್ತದೆ. ಉಗುರಿನಿಂದ ಕೆರೆದಾಗ ದಾರ ಎದ್ದುಬಂದರೆ ಮರುಹೊಲಿಗೆಯ ಕಾಲ ಬಂದಿದೆ ಎಂದರ್ಥ. ಬೇರಿಂಗ್‌ಗಳನ್ನು ಸಿಹಿನೀರಿನಿಂದ ತೊಳೆದು ಉಪ್ಪು ತೆಗೆಯಬೇಕು. ಗ್ರೀಸ್ ಹಾಕಬೇಕೇ ಬೇಡವೇ ಎಂಬುದು ತಯಾರಿಕೆಯನ್ನು ಅವಲಂಬಿಸಿದೆ. ಪ್ಲಾಸ್ಟಿಕ್ ಗುಂಡುಗಳ ಬೇರಿಂಗಿಗೆ ಗ್ರೀಸ್ ಹಾಕಿದರೆ ಮರಳು ಅಂಟಿ ಕೆಡುತ್ತದೆ, ಉಕ್ಕಿನ ಗುಂಡುಗಳ ಕೆಲವು ಬೇರಿಂಗಿಗೆ ಅದು ಬೇಕೇ ಬೇಕು. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಕೂತ ಸ್ಟೇನ್‌ಲೆಸ್ ತಿರುಪುಗಳ ಸುತ್ತ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆದು, ತಿರುಪುಗಳು ಕಚ್ಚಿಕೊಳ್ಳುತ್ತವೆ. ಅವನ್ನು ಆಗಾಗ ನೋಡುತ್ತಿರಬೇಕು.

ಭಾರತದಲ್ಲಿ ಈ ವ್ಯವಸ್ಥೆಯ ಬೆಲೆ ಬೆಳಗಿದ್ದು ದೂರಯಾನಗಳಲ್ಲಿ. ಗೋವಾದಲ್ಲಿ ಕಟ್ಟಿದ 56 ಅಡಿಯ ನೌಕಾಪಡೆಯ ಹಾಯಿದೋಣಿ ಮ್ಹಾದೆಯಿಯಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದರು. ಅದೇ ದೋಣಿಯಲ್ಲಿ 2012–13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಒಂಟಿಯಾಗಿ ಸುತ್ತಿ ಬಂದರು. ಅದರ ಸೋದರಿ ದೋಣಿ ತಾರಿಣಿಯಲ್ಲಿ 2017–18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಪ್ರದಕ್ಷಿಣೆ ಮುಗಿಸಿದರು. ಸಣ್ಣ ದೋಣಿಗಳಿಗಿಂತ ಇವು ದೊಡ್ಡವು. ಆದರೆ ಅಷ್ಟು ದೊಡ್ಡ ದೋಣಿಯ ಮುಂದಿನ ಹಾಯಿಯನ್ನು ದಕ್ಷಿಣ ಸಾಗರದ ಬಿರುಸಿನಲ್ಲಿ ಒಬ್ಬರೇ ನಿಭಾಯಿಸಬೇಕಾದರೆ ಕಾಕ್‌ಪಿಟ್‌ಗೆ ಬರುವ ಆ ಒಂದು ಹಗ್ಗವೇ ಆಸರೆ.

ನಮ್ಮ ಪಶ್ಚಿಮ ಕರಾವಳಿಯ ಬಿಸಿಲು, ಉಪ್ಪು, ತೇವ ಮೂರೂ ಫರ್ಲರ್‌ಗೆ ಕಠಿಣ. ಎಲ್ಲಕ್ಕಿಂತ ಕಳವಳದ ಸಂಗತಿ ಫೋರ್‌ಸ್ಟೇಯೇ. ಕೂವೆಮರವನ್ನು ಹಿಡಿದಿರುವ ಈ ತಂತಿ ಫಾಯಿಲ್‌ನೊಳಗೆ ಮುಚ್ಚಿಹೋಗಿರುತ್ತದೆ, ಅದರ ತುಕ್ಕು ಹೊರಗಿನಿಂದ ಕಾಣುವುದಿಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ತಂತಿ ಬದಲಿಸಬೇಕೆಂಬ ಸಲಹೆ ಸಾಮಾನ್ಯವಾಗಿ ಇರುವುದು ಇದಕ್ಕೇ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ ಹಾಯಿದೋಣಿಗಳನ್ನು ಹೇಗೂ ದಡ ಸೇರಿಸುತ್ತದೆ. ಮೊದಲ ಮಳೆಗೆ ಮುನ್ನ ಹಾಯಿಯನ್ನು ಪೂರ್ತಿ ಬಿಚ್ಚಿ ಇಳಿಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಮಡಚಿಟ್ಟು, ಡ್ರಮ್ಮಿನ ಒಳಗೆ ಇಣುಕಿ ತಂತಿಯ ಬುಡವನ್ನೂ, ಮರದ ತುದಿಗೆ ಏರಿ ಅದರ ಮೇಲ್ತುದಿಯನ್ನೂ ನೋಡಿ ಬರುವ ದೋಣಿಯವನಿಗೆ ಅಕ್ಟೋಬರ್‌ನ ಮೊದಲ ಗಾಳಿಯಲ್ಲಿ ಆ ಹಗ್ಗವನ್ನು ನಂಬಿ ಎಳೆಯುವ ಹಕ್ಕು ಇರುತ್ತದೆ.